ಗಂಧರ್ವದ್ವಾರದ ಬಗ್ಗೆ ಅಕ್ಕಯಮ್ಮನ ಅಭಿಪ್ರಾಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದ ಪುಣ್ಯಾತ್ಮರು, ಕಟ್ಟಿದ ಮನೆಯೊಳಗೆ ಹೋಗಿ ಕೂತ ಮೇಲೆ ಹೊತ್ತು ಹೇಗೆ ಕಳೆಯಬೇಕು ಎಂಬುದನ್ನು ಮಾತ್ರ ಹೇಳದೆ ಜಾರಿಕೊಂಡರು. ಅದನ್ನು ಚೂಡಾಮಣಿ ತಾನೇ ಕಂಡುಕೊಳ್ಳಬೇಕಾಯಿತು. ಗೃಹಪ್ರವೇಶಕ್ಕೆ ಬಂದವರು ಹೋಳಿಗೆ ಉಂಡು, ಗೋಡೆ ತಟ್ಟಿ ನೋಡಿ, ಭೇಷಾಗಿದೆ ಎಂದು ಹೇಳಿ ಹೊರಟುಹೋದರು. ಬಾಗಿಲಿನ ಮಾವಿನ ತೋರಣ ಒಣಗುವುದರೊಳಗೆ ಅವಳಿಗೆ ಗೊತ್ತಾಗಿಹೋಯಿತು, ಈ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ ಅಂತ.

ಅದು ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ. ಜಯನಗರ ಮೂರನೇ ಬ್ಲಾಕು ಆಗ ಕಾಗದದ ಮೇಲೆ ತುಂಬಿಕೊಂಡಿತ್ತೇ ಹೊರತು ನೆಲದ ಮೇಲಲ್ಲ. ರಸ್ತೆಗಳು ಉದ್ದಕ್ಕೂ ಅಡ್ಡಕ್ಕೂ ಚೊಕ್ಕವಾಗಿ ಬಿದ್ದಿದ್ದವು. ನಡೆಯುವವರು ಮಾತ್ರ ಇರಲಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಐದಾರು ಖಾಲಿ ಸೈಟು, ಸೈಟಿನ ತುಂಬ ಎಕ್ಕದ ಗಿಡ, ಉತ್ತರಾಣಿ, ಮೂಲೆಗೊಂದು ನಂಬರಿನ ಕಲ್ಲು. ಪಕ್ಕದ ಮನೆಯವರು ಎಂದರೆ ಕೂಗಿದರೂ ಕೇಳಿಸದಷ್ಟು ದೂರದವರು.

ಗಂಡ ಗಂಗಾಧರಯ್ಯ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಒಳ್ಳೆಯ ಮನುಷ್ಯ. ಬೆಳಿಗ್ಗೆ "ಬರ್ತೀನಿ", ಸಂಜೆ "ಕಾಫಿ", ಮಲಗುವ ಮುಂಚೆ "ಬೀಗ ಹಾಕಿದ್ಯಾ", ಇಷ್ಟರಲ್ಲಿ ಅವರ ದಿನದ ಮಾತು ಮುಗಿಯುತ್ತಿತ್ತು. ಮದುವೆಯಾಗಿ ಹತ್ತೊಂಬತ್ತು ವರ್ಷ, ಮಕ್ಕಳಾಗಲಿಲ್ಲ. ಆ ವಿಷಯವನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತದೆ ಎತ್ತದೆ ಬೇರೆ ವಿಷಯಗಳೂ ಅದರ ಜೊತೆಗೇ ಉಳಿದುಕೊಂಡುಬಿಟ್ಟವು.

ಇದಕ್ಕೆ ಮುಂಚೆ ಅವರು ಇದ್ದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನಬೇಕು. ಆ ಗಲಾಟೆಗೆ ಚೂಡಾಮಣಿ ದಿನಾ ಹಿಡಿಶಾಪ ಹಾಕುತ್ತಿದ್ದಳು, ಸ್ವಂತ ಮನೆ ಯಾವಾಗಾದರೂ ಆಗಲಪ್ಪ ದೇವರೇ ಎಂದು ಹರಕೆ ಬೇರೆ ಹೊತ್ತಿದ್ದಳು. ಆದರೆ ಗುರುವಾರ ಮಧ್ಯಾಹ್ನ ಬಂತೆಂದರೆ ಆ ವಠಾರದಲ್ಲಿ ಅವಳನ್ನು ಬಿಟ್ಟರೆ ಇಲ್ಲ. ಎಂಟು ಮನೆಯವರೂ ಸೇರಿ ಒಂದು ವಾರಪತ್ರಿಕೆ ತರಿಸುತ್ತಿದ್ದರು. ಅದರಲ್ಲಿ ಬರುವ ಧಾರಾವಾಹಿಯನ್ನು ಗಟ್ಟಿಯಾಗಿ ಓದುವ ಕೆಲಸ ಚೂಡಾಮಣಿಯದು. ತಡವರಿಸದ ನಾಲಗೆ, ಅಳುವ ಕಡೆ ಅಳು, ಸಿಟ್ಟಿನ ಕಡೆ ಸಿಟ್ಟು. ಏಳು ಹೆಂಗಸರು ಅಕ್ಕಿ ಆರಿಸುತ್ತ, ಬತ್ತಿ ಹೊಸೆಯುತ್ತ ಸುತ್ತ ಕೂತಿರುತ್ತಿದ್ದರು. "ಚೂಡಿ, ಆ ಜಾಗ ಇನ್ನೊಂದ್ಸಲ ಓದೇ" ಎಂದು ಮೀನಾಕ್ಷಮ್ಮ ಕಣ್ಣೊರೆಸಿಕೊಂಡರೆ ಚೂಡಾಮಣಿಗೆ ಆ ವಾರವೆಲ್ಲ ಹೊಟ್ಟೆ ತುಂಬಿದ ಹಾಗಿರುತ್ತಿತ್ತು.

ಮನೆ ಬಿಡುವ ದಿನ ಅದೇ ಮೀನಾಕ್ಷಮ್ಮ ಅವಳನ್ನು ತಬ್ಬಿಕೊಂಡು, "ಗುರುವಾರಕ್ಕೊಂದ್ಸಲ ನಾವೇ ಬಂದ್ಬಿಡ್ತೀವಿ ಕಣೇ, ಬಸ್ಸಿದೆಯಲ್ಲ" ಎಂದಿದ್ದರು. ಬಸ್ಸಂತೂ ಇತ್ತು. ಮೊದಲ ತಿಂಗಳು ಪ್ರತಿ ಗುರುವಾರ ಚೂಡಾಮಣಿ ಎಂಟು ಲೋಟ ತೊಳೆದು ಬೋರಲು ಹಾಕಿ ಕಾದಳು. ಎರಡನೆಯ ತಿಂಗಳು ಲೋಟ ತೊಳೆಯುವುದನ್ನು ಬಿಟ್ಟಳು. ಯಾರೂ ಬರಲಿಲ್ಲ.

ಪತ್ರಿಕೆ ಮಾತ್ರ ಬರುತ್ತಿತ್ತು, ಈಗ ಅವಳೊಬ್ಬಳಿಗೇ. ಆಗಷ್ಟೇ ಅದರಲ್ಲಿ "ಗಂಧರ್ವದ್ವಾರ" ಎಂಬ ಹೊಸ ಧಾರಾವಾಹಿ ಶುರುವಾಗಿತ್ತು. ಅಭ್ಯಾಸ ಬಿಡಲಿಲ್ಲ ನೋಡಿ, ವೆರಾಂಡದಲ್ಲಿ ಚಾಪೆ ಹಾಸಿಕೊಂಡು ಅದನ್ನೂ ಗಟ್ಟಿಯಾಗಿಯೇ ಓದುತ್ತಿದ್ದಳು, ಎದುರಿನ ಎಕ್ಕದ ಗಿಡಗಳಿಗೆ. ಹಾಗೆ ಓದುತ್ತಿದ್ದ ಒಂದು ಮಧ್ಯಾಹ್ನ ಗೇಟಿನ ಹತ್ತಿರ ಯಾರೋ ಕೆಮ್ಮಿದ ಹಾಗಾಯಿತು. ತಲೆಯ ಮೇಲೆ ಖಾಲಿ ಕುಕ್ಕೆ, ಕೈಯಲ್ಲಿ ಒಂದೇ ಒಂದು ಕಟ್ಟು ದಂಟಿನ ಸೊಪ್ಪು ಹಿಡಿದ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ಬಿಸಿಲಿಗೆ ಕಂದಿದ ಮುಖ.

"ಯಾರಿಗಮ್ಮ ಹೇಳ್ತಿದ್ರಿ?" ಎಂದಳು ಅವಳು, ಮನೆಯೊಳಗೆ ಇಣುಕಿ.

ಚೂಡಾಮಣಿಗೆ ನಾಚಿಕೆಯಾಯಿತು. "ಯಾರಿಗೂ ಇಲ್ಲ. ಕತೆ ಓದ್ತಿದ್ದೆ."

"ಹಂಗಾರೆ ಒಸಿ ನೀರು ಕೊಡಿ. ಕುಡಿಯೋಗಂಟ ಓದಿ, ನಾನೂ ಕೇಳ್ತೀನಿ."

ಆ ಒಂದು ಚೊಂಬು ನೀರು ಕುಡಿಯಲು ಆ ಹೆಂಗಸಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹೆಸರು ಅಕ್ಕಯಮ್ಮ, ಊರು ಹೊಸಕೆರೆಹಳ್ಳಿ. ಕೆರೆಯ ಹಿಂದೆ ಅಷ್ಟಗಲ ಭೂಮಿಯಲ್ಲಿ ಸೊಪ್ಪು ಬೆಳೆದು, ಬೆಳಕು ಹರಿಯುವ ಮುಂಚೆ ಗಾಂಧಿ ಬಜಾರಿಗೆ ಹೊತ್ತುಕೊಂಡು ಹೋಗಿ ಮಾರುತ್ತಾಳೆ. ಹೋಗುವಾಗ ಸೊಪ್ಪಿನ ಕಟ್ಟನ್ನು ಮೆಟ್ಟಿಲ ಮೇಲಿಟ್ಟು, "ಮುಂದಿನ ವಾರ ಆ ಹುಡುಗಿ ಏನಾಗ್ತಾಳೆ ಅಂತ ನಿಮ್ಗೇನಾರ ಗೊತ್ತಾ?" ಎಂದು ಕೇಳಿದಳು. ಗೊತ್ತಿಲ್ಲ, ಅವರು ಬರೆದ ಮೇಲೇ ಗೊತ್ತಾಗುವುದು ಎಂದಾಗ, "ಹಂಗಾರೆ ಬತ್ತೀನಿ ಬಿಡಿ" ಎಂದು ಹೊರಟಳು.

ಬಂದಳು. ಆಮೇಲೆ ಒಂದು ಗುರುವಾರವೂ ತಪ್ಪಿಸಲಿಲ್ಲ. ಯಾವಾಗಲೂ ಕೊನೆಯ ಒಂದು ಕಟ್ಟು ಉಳಿದಿರುತ್ತಿತ್ತು, ಮಾರದೆ ಉಳಿದ ಅದನ್ನು ಇಲ್ಲಿ ಕೊಟ್ಟು, ಮನೆಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಕೂತುಕೊಳ್ಳುತ್ತಾಳೆ ಎಂದು ಚೂಡಾಮಣಿ ತಿಳಿದುಕೊಂಡಿದ್ದಳು. ಮೊದಲು ಮೆಟ್ಟಿಲ ಮೇಲೆ ಕೂರುತ್ತಿದ್ದ ಅಕ್ಕಯಮ್ಮ ಎರಡು ತಿಂಗಳಲ್ಲಿ ವೆರಾಂಡಕ್ಕೆ ಬಂದಳು, ನಾಲ್ಕು ತಿಂಗಳಲ್ಲಿ ಚಾಪೆಯ ಅಂಚಿಗೆ ಬಂದಳು. ಅವಳ ಕಾಫಿಗೆಂದು ಮೊದಲು ಬೇರೆ ಇಟ್ಟಿದ್ದ ಲೋಟ ಒಂದು ದಿನ ಇತರ ಲೋಟಗಳ ಜೊತೆ ಸೇರಿಹೋಯಿತು, ಚೂಡಾಮಣಿ ಅದನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಅವಳ ಅತ್ತೆ ಬದುಕಿದ್ದಿದ್ದರೆ ಇದಕ್ಕೊಂದು ರಾಮಾಯಣವೇ ಆಗುತ್ತಿತ್ತು.

ಕತೆ ಹೀಗಿತ್ತು. ಮಂದಾರೆ ಎಂಬ ಕುಂಬಾರರ ಹುಡುಗಿ. ಹಾಳು ಮಂಟಪದಲ್ಲೊಂದು ಬಾಗಿಲು. ಹುಣ್ಣಿಮೆಗೊಮ್ಮೆ ಅದು ತೆರೆದು, ಹೇಮಕಾಂತ ಎಂಬ ಗಂಧರ್ವ ವೀಣೆ ಹಿಡಿದು ಇಳಿದು ಬರುತ್ತಾನೆ. ಬಾ ನಮ್ಮ ನಗರಿಗೆ, ಅಲ್ಲಿ ಮುಪ್ಪಿಲ್ಲ, ಹಸಿವಿಲ್ಲ, ಕಣ್ಣೀರಿಲ್ಲ ಎಂದು ಕರೆಯುತ್ತಾನೆ. ಬರಲೋ ಬೇಡವೋ ಎಂದು ಮಂದಾರೆ ಮೂವತ್ತೆರಡು ವಾರ ಒದ್ದಾಡುತ್ತಾಳೆ. ಚೂಡಾಮಣಿಗೆ ಆ ಗಂಧರ್ವನ ಮೇಲೆ, ಸುಳ್ಳೇಕೆ ಹೇಳಬೇಕು, ಸ್ವಲ್ಪ ಮನಸ್ಸೇ ಆಗಿತ್ತು. ಮೂವತ್ತೊಂಬತ್ತು ವರ್ಷದ ಗೃಹಿಣಿ ಗಂಧರ್ವನಿಗೆ ಮನಸ್ಸು ಕೊಟ್ಟರೆ ಯಾರ ಗಂಟು ಹೋಗುತ್ತದೆ? ಅಕ್ಕಯಮ್ಮ ಮಾತ್ರ ಅವನನ್ನು ಮೊದಲಿಂದಲೂ ಅನುಮಾನದಿಂದಲೇ ನೋಡುತ್ತಿದ್ದಳು.

"ಆ ಯಪ್ಪ ಏನು ಕೆಲಸ ಮಾಡ್ತಾನಮ್ಮ?"

"ವೀಣೆ ಬಾರಿಸ್ತಾನೆ."

"ಅಷ್ಟೇಯಾ?"

"ಗಂಧರ್ವ ಅಂದ್ರೆ ಇನ್ನೇನು ಮಾಡ್ತಾನೆ, ಅಕ್ಕಯಮ್ಮ?"

"ಅಲ್ಲ, ಕೇಳ್ದೆ. ಹೆಣ್ಣು ಕೊಡೋರು ಕೇಳ್ಬೇಕಲ್ಲ."

ಚೂಡಾಮಣಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದಳು. ವಾರಕ್ಕೊಮ್ಮೆ ಆ ಮನೆಯಲ್ಲಿ ನಗು ಕೇಳಿಸುತ್ತಿದ್ದದ್ದು ಆ ಹೊತ್ತಿನಲ್ಲೇ.

ಮೂವತ್ತೆರಡನೆಯ ವಾರ ಕತೆ ಮುಗಿಯಿತು. ಮಂದಾರೆ ತಾಯಿಯ ಕಾಲಿಗೆ ನಮಸ್ಕರಿಸಿ, ಅರ್ಧ ತಿರುಗಿದ ಮಡಕೆಯನ್ನು ಚಕ್ರದ ಮೇಲೇ ಬಿಟ್ಟು, ಬಾಗಿಲು ದಾಟಿದಳು. ಬಾಗಿಲು ಎಂದೆಂದಿಗೂ ಮುಚ್ಚಿಕೊಂಡಿತು. ಚೂಡಾಮಣಿ ಓದಿ ಮುಗಿಸಿದಳು. ಸೆರಗಿನಲ್ಲಿ ಮೂಗೊರೆಸಿಕೊಂಡು, "ಹೇಗಿತ್ತು?" ಎಂದು ಕೇಳಿದಳು.

ಅಕ್ಕಯಮ್ಮ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಬರ್ದೋರು ಚೆಂದಾಗೇ ಬರ್ದವ್ರೆ. ಆದ್ರೆ ಆ ಮಗೀನ ಸುಮ್ಕೆ ಹಾಳು ಮಾಡ್ಬುಟ್ರು ಕಣಮ್ಮ" ಎಂದಳು.

"ಹಾಳೇನು ಬಂತು? ಮುಪ್ಪಿಲ್ಲ, ಹಸಿವಿಲ್ಲ, ಅರಮನೆ."

"ಅದ್ನೇ ನಾನೂ ಹೇಳ್ತಿರೋದು. ಹಸಿವೇ ಇಲ್ದಿರೋ ಊರಾಗೆ ಊಟ ಆಯ್ತಾ ಅಂತ ಯಾರು ಕೇಳ್ತಾರೆ? ಕಾಯ್ಲೆನೇ ಇಲ್ದಿರೋ ಊರಾಗೆ ಹೆಂಗಿದೀಯಾ ಅಂತ ಬಾಗ್ಲಿಗೆ ಯಾರು ಬತ್ತಾರೆ? ಬೆಳಗಾಗೆದ್ದು ಆ ಹುಡುಗಿ ಏನು ಮಾಡ್ತದೆ? ಗಂಡ ವೀಣೆ ಬಾರಿಸ್ತಾ ಕುಂತಿರ್ತಾನೆ, ಎಷ್ಟೊತ್ತು ಅಂತ ಕೇಳ್ತದೆ? ಎಲ್ಲಾ ಕೊಟ್ಟವ್ರೆ. ಪಕ್ಕದ ಮನೇನೊಂದು ಕೊಟ್ಟಿಲ್ಲ."

ಚೂಡಾಮಣಿ ತನ್ನ ಕೆಂಪು ಸಿಮೆಂಟಿನ ನೆಲವನ್ನು ನೋಡಿದಳು, ಹೊಳೆಯುವ ಕಿಟಕಿ ಸರಳುಗಳನ್ನು ನೋಡಿದಳು, ಗೇಟಿನಾಚೆಯ ನಂಬರಿನ ಕಲ್ಲುಗಳನ್ನು ನೋಡಿದಳು. ಎಂಟು ತಿಂಗಳಿಂದ ಅವಳ ಎದೆಯಲ್ಲಿದ್ದು ಬಾಯಿಗೆ ಬಾರದ ಸಂಕಟವನ್ನು ಸೊಪ್ಪು ಮಾರುವ ಹೆಂಗಸು ಕೂತಲ್ಲೇ ಹೇಳಿಬಿಟ್ಟಿದ್ದಳು. ಅಳು ಬಂತು. ಕತೆಗೆ ಬಂದ ಅಳು ಎಂದು ತೋರಿಸಿಕೊಂಡು ಅತ್ತಳು.

ಅದೇ ಸಂಚಿಕೆಯ ಕೊನೆಯಲ್ಲಿ ಸಂಪಾದಕರು ಒಂದು ಸೂಚನೆ ಹಾಕಿದ್ದರು. "ಗಂಧರ್ವದ್ವಾರ" ಕಾದಂಬರಿಯ ಬಗ್ಗೆ ಓದುಗರು ತಮ್ಮ ಅಭಿಪ್ರಾಯವನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಬೇಕು, ಮೆಚ್ಚುಗೆಯಾದವುಗಳನ್ನು ಹೆಸರು ವಿಳಾಸದ ಸಮೇತ ಪ್ರಕಟಿಸಲಾಗುವುದು. ಮಾರನೆಯ ದಿನ ಚೂಡಾಮಣಿ ಕಾರ್ಡು ತಂದು, ಅಕ್ಕಯಮ್ಮನ ಮಾತನ್ನೇ ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆದಳು. ಹಸಿವಿಲ್ಲದ ಊರಿನಲ್ಲಿ ಊಟವಾಯಿತೇ ಎಂದು ಕೇಳುವವರು ಯಾರು? ಕಾಯಿಲೆಯಿಲ್ಲದ ಊರಿನಲ್ಲಿ ಹೇಗಿದ್ದೀಯೆ ಎಂದು ಬಾಗಿಲಿಗೆ ಬರುವವರು ಯಾರು? ಲೇಖಕರು ಮಂದಾರೆಗೆ ಸಕಲವನ್ನೂ ಕೊಟ್ಟರು, ಒಂದು ನೆರೆಮನೆಯನ್ನು ಕೊಡಲು ಮರೆತರು. ಬರೆದಾದ ಮೇಲೆ ಉಳಿದದ್ದು ಹೆಸರಿನ ಜಾಗ.

ಅಕ್ಕಯಮ್ಮನ ಹೆಸರನ್ನೇ ಬರೆಯಬೇಕೆಂದು ಕೂತಿದ್ದಳು, ದೇವರಾಣೆಗೂ. ಆಗ ಅವಳಿಗೆ ಚಾಮರಾಜಪೇಟೆಯ ನಡುಮನೆ ನೆನಪಾಯಿತು. ಈ ಪುಟವನ್ನು ಅಲ್ಲಿ ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಹೊಸಕೆರೆಹಳ್ಳಿಯ ಅಕ್ಕಯಮ್ಮ ಎಂದು ಓದಿದರೆ ಯಾರಿಗೇನು? ಜಯನಗರದ ಚೂಡಾಮಣಿ ಎಂದು ಓದಿದರೆ ಮೀನಾಕ್ಷಮ್ಮ ಬತ್ತಿ ಹೊಸೆಯುವುದನ್ನು ಬಿಟ್ಟು, "ನಮ್ಮ ಚೂಡಿ ಕಣೇ" ಎನ್ನುತ್ತಾರೆ. ಪಾಪ, ನೋಡಿಕೊಂಡು ಬರೋಣ ಎನ್ನುತ್ತಾರೆ. ಆ ಒಂದು ಆಸೆಗೆ ಅವಳು ಬರೆದದ್ದು: ಸೌ. ಚೂಡಾಮಣಿ ಗಂಗಾಧರಯ್ಯ, ಮೂರನೇ ಬ್ಲಾಕ್, ಜಯನಗರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗಾದೆ ಗೊತ್ತಿದ್ದವರೆಲ್ಲ ಹಾಗೇ ನಡೆಯುವುದಾದರೆ ಲೋಕ ಹೀಗಿರುತ್ತಿತ್ತೇ.

ಕತೆ ಮುಗಿದರೂ ಅಕ್ಕಯಮ್ಮ ಬರುವುದನ್ನು ಬಿಡಲಿಲ್ಲ. ಹೊಸ ಧಾರಾವಾಹಿ ಒಂದು ಕೊಲೆಯ ಕತೆ, ಅವಳಿಗೆ ಎಳ್ಳಷ್ಟೂ ಹಿಡಿಸಲಿಲ್ಲ. "ಸತ್ತೋನ್ನ ಯಾರು ಕೊಂದ್ರೆ ಏನು, ಅವ್ನು ಹೊಂಟೋದ" ಎನ್ನುತ್ತಿದ್ದಳು. ಆದರೂ ಬಂದು ಕೂರುತ್ತಿದ್ದಳು, ಕಾಫಿ ಕುಡಿಯುತ್ತಿದ್ದಳು, ಸೊಸೆಯ ಸುದ್ದಿ, ಹಸುವಿನ ಸುದ್ದಿ ಹೇಳುತ್ತಿದ್ದಳು. ಒಂದು ತಿಂಗಳಾದ ಮೇಲೆ ಅಭಿಪ್ರಾಯಗಳ ಪುಟ ಬಂತು. ಎಲ್ಲಕ್ಕಿಂತ ಮೇಲೆ, ಚೌಕಟ್ಟು ಹಾಕಿ, ಚೂಡಾಮಣಿಯ ಹೆಸರು. ಅವಳು ಅದನ್ನು ಬೆಳಗಿನಿಂದ ಹತ್ತು ಸಲ ಓದಿದಳು. ಮಧ್ಯಾಹ್ನ ಅಕ್ಕಯಮ್ಮ ಬಂದಾಗ ಆ ಪುಟವನ್ನು ಮಗುಚಿ ಕೊಲೆಯ ಕತೆ ತೆಗೆದಳು.

"ನಮ್ಮ ಮಂದಾರೆ ಬಗ್ಗೆ ಯಾರೂ ಏನೂ ಬರ್ದಿಲ್ವಾ?" ಎಂದು ಅಕ್ಕಯಮ್ಮ ಸುಮ್ಮನೆ ಕೇಳಿದಳು.

"ಇಲ್ಲ" ಎಂದಳು ಚೂಡಾಮಣಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ, ಅವಳ ಕೈ ತಾನಾಗಿ ಆ ಪುಟದ ಮೇಲೆ ಹೋಗಿ ಕೂತಿತು.

ಸಂಜೆ ಗಂಗಾಧರಯ್ಯ ಪತ್ರಿಕೆ ತಿರುವಿ ಹಾಕುತ್ತ ಆ ಪುಟಕ್ಕೆ ಬಂದು ನಿಂತರು. ಓದಿದರು. ಕನ್ನಡಕ ತೆಗೆದು, "ಇಲ್ಲಿ ನಿಂಗೇನು ಕಡಿಮೆ ಆಗಿದೆ?" ಎಂದು ಕೇಳಿದರು. ಜಗಳದ ದನಿಯಲ್ಲಿ ಕೇಳಿರಲಿಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಏನೂ ಕಡಿಮೆಯಿಲ್ಲ. ಅದು ಕತೆ ವಿಷಯ" ಎಂದಳು ಅವಳು. "ಹೂಂ" ಎಂದು ಅವರು ಪತ್ರಿಕೆ ಮಡಿಸಿಟ್ಟರು.

ಮುಂದಿನ ಗುರುವಾರ ಮಧ್ಯಾಹ್ನ ಗೇಟು ದಡಾರನೆ ತೆರೆಯಿತು. ಮೀನಾಕ್ಷಮ್ಮ, ಗಿರಿಜಾದೇವಿ, ಅವರ ಹಿಂದೆ ಇನ್ನಿಬ್ಬರು, ಮುಡಿ ತುಂಬ ಹೂವು, ಕೈಯಲ್ಲಿ ಕೋಡುಬಳೆಯ ಡಬ್ಬಿ. ಇಷ್ಟು ತಿಂಗಳು ನೆನಪಾಗದ ಬಸ್ಸು ಹೆಸರು ಅಚ್ಚಾದ ಕೂಡಲೇ ನೆನಪಾಗಿತ್ತು. ಚೂಡಾಮಣಿಗೆ ಅದೊಂದೂ ಹೊಳೆಯಲಿಲ್ಲ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕುರ್ಚಿ ಎಳೆದಳು, ಕಾಫಿಗೆ ಇಟ್ಟಳು, ಕೋಣೆ ಕೋಣೆ ತೋರಿಸಿದಳು. ಒಬ್ಬರ ಮಾತಿನ ಮೇಲೆ ಒಬ್ಬರ ಮಾತು ಬಿದ್ದು ಆ ಮನೆಯೊಳಗೆ ಮೊದಲ ಸಲ ಗಲಾಟೆ ಎದ್ದಿತು. ಆ ಗಲಾಟೆಯ ಮಧ್ಯೆ ನಿಂತು ಅವಳು ಸುಖವಾಗಿ ಉಸಿರೆಳೆದುಕೊಂಡಳು.

"ಎಲ್ಲಿಂದ ತಂದ್ಯೇ ಆ ಮಾತನ್ನ?" ಎಂದರು ಮೀನಾಕ್ಷಮ್ಮ, ವೆರಾಂಡದಲ್ಲಿ ಕೂತು ಚೀಲದಿಂದ ಪತ್ರಿಕೆ ತೆಗೆಯುತ್ತ. "ನಮ್ಮೆಜಮಾನ್ರೂ ಓದಿ ತಲೆದೂಗಿದ್ರು."

"ಏನೋ, ಹಾಗೇ ಹೊಳೀತು" ಎಂದಳು ಚೂಡಾಮಣಿ.

ಮೀನಾಕ್ಷಮ್ಮ ಗಟ್ಟಿಯಾಗಿ ಓದತೊಡಗಿದರು. ಹಸಿವಿಲ್ಲದ ಊರಿನಲ್ಲಿ ಎಂದು ಶುರುವಾಗುವಷ್ಟರಲ್ಲಿ, ಎಂದಿನ ಹಾಗೆ ಗೇಟು ಸರಿಸಿಕೊಂಡು, ಒಂದು ಕಟ್ಟು ಕೀರೆ ಸೊಪ್ಪು ಹಿಡಿದು ಅಕ್ಕಯಮ್ಮ ಮೆಟ್ಟಿಲ ಹತ್ತಿರ ಬಂದಳು. ಜನ ಇದ್ದಾರೆಂದು ನಿಂತಳು. ಕೇಳಿಸಿಕೊಂಡಳು. ತನ್ನ ಮಾತಿನ ಗುರುತು ಹತ್ತಿದ ಕೂಡಲೇ ಅವಳ ಮುಖವೆಲ್ಲ ಅರಳಿತು. ನೆರೆಮನೆಯ ಮಾತು ಬಂದಾಗ ಸಂಕೋಚಪಟ್ಟುಕೊಂಡು ಸೆರಗು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ಮೀನಾಕ್ಷಮ್ಮ, "ಸೌ. ಚೂಡಾಮಣಿ ಗಂಗಾಧರಯ್ಯ" ಎಂದು ರಾಗವಾಗಿ ಓದಿ ಮುಗಿಸಿದರು.

ಅಕ್ಕಯಮ್ಮನ ನಗು ಹೋಗಲಿಲ್ಲ. ಆ ನಗುವಿನಲ್ಲೇ ಅವಳು ಚೂಡಾಮಣಿಯ ಕಡೆ ನೋಡಿದಳು. ಕರೆಯುತ್ತಾಳೆ, ಈಗ ಬಾ ಅನ್ನುತ್ತಾಳೆ ಎಂದು ಕಾದ ಹಾಗಿತ್ತು.

"ಯಾರೇ ಇದು?" ಎಂದರು ಗಿರಿಜಾದೇವಿ.

ಯಾರೂ ಚೂಡಾಮಣಿಯ ಕತ್ತು ಹಿಡಿದಿರಲಿಲ್ಲ. ಹೆಸರು ಹೇಳಬಹುದಿತ್ತು. ನನ್ನ ಕತೆ ಕೇಳುವವಳು ಅನ್ನಬಹುದಿತ್ತು. "ಸೊಪ್ಪಿನವಳು" ಎಂದಳು. ಅಷ್ಟಕ್ಕೇ ಬಿಡದೆ, "ಇವತ್ತು ಬೇಡ, ನಾಳೆ ಬಾ" ಎಂದು ಕೈಯನ್ನೂ ಆಡಿಸಿದಳು.

"ಆಗ್ಲಿ ಕಣಮ್ಮ" ಎಂದಳು ಅಕ್ಕಯಮ್ಮ. ಗೇಟನ್ನು ಸದ್ದಾಗದ ಹಾಗೆ ಹಾಕಿಕೊಂಡು ಹೋದಳು.

ಐದು ಗಂಟೆಯ ಬಸ್ಸಿಗೆ ಚಾಮರಾಜಪೇಟೆಯವರು ಹೊರಟರು. ಕೋಡುಬಳೆ ಡಬ್ಬಿ ಖಾಲಿ ಮಾಡಿ ಕೊಡು ಎಂದು ಮೀನಾಕ್ಷಮ್ಮ ಅವಸರ ಮಾಡಿದರು. "ಇನ್ಮೇಲೆ ಬರ್ತಾ ಇರ್ತೀವಿ ಕಣೇ" ಎಂದು ಎಲ್ಲರೂ ಹೇಳಿದರು. ಮುಂದಿನ ಗುರುವಾರ ಅವರು ಯಾರೂ ಬರಲಿಲ್ಲ. ಅಕ್ಕಯಮ್ಮನೂ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ, ಅದರಾಚೆಯದಕ್ಕೂ ಇಲ್ಲ. ಚೂಡಾಮಣಿ ಚಾಪೆ ಹಾಸಿ ಪತ್ರಿಕೆ ತೆರೆಯುತ್ತಿದ್ದಳು, ಗಟ್ಟಿಯಾಗಿ ಓದಲು ಹೋದರೆ ನಾಲ್ಕು ಸಾಲಿಗೆ ನಿಲ್ಲಿಸಿ ಗೇಟಿನ ಕಡೆ ನೋಡುತ್ತಿದ್ದಳು. ವಠಾರದವರು ಬಾರದಿದ್ದಾಗ ಬರೀ ಬೇಸರವಾಗಿತ್ತು. ಇದು ಬೇರೆ. ಮನೆಯವರೇ ಯಾರೋ ತೀರಿಕೊಂಡ ಹಾಗಿತ್ತು, ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಅಂತ ಗೊತ್ತಾಗುತ್ತಿರಲಿಲ್ಲ.

ನಾಲ್ಕನೆಯ ವಾರ ಅವಳು ಕಾಯಲಿಲ್ಲ. ತನ್ನ ಹೆಸರು ಅಚ್ಚಾದ ಸಂಚಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಮನೆಗೆ ಬೀಗ ಹಾಕಿ, ಹೊಸಕೆರೆಹಳ್ಳಿಗೆ ಹೊರಟಳು. ಹೋಗಿ ಒಪ್ಪಿಕೊಂಡುಬಿಡುವುದು. ನಿನ್ನ ಮಾತು ಕದ್ದೆ, ನನ್ನ ಹೆಸರು ಹಾಕಿಕೊಂಡೆ, ಬೇಕಾದರೆ ಸಂಪಾದಕರಿಗೆ ನಿಜ ಬರೆಯುತ್ತೇನೆ, ನೀನು ಮಾತ್ರ ಬಾ. ಯಡಿಯೂರು ಕೆರೆಯ ಏರಿಯ ಮೇಲೆ, ಕತ್ರಿಗುಪ್ಪೆಯ ರಾಗಿ ಹೊಲಗಳ ನಡುವೆ, ಅದನ್ನೇ ಬಾಯಿಪಾಠ ಮಾಡಿಕೊಂಡು ನಡೆದಳು. ದಾರಿ ಮುಗಿಯಲೊಲ್ಲದು. ಕಾಲಿಗೆ ಬೊಬ್ಬೆ ಬಂತು. ಈ ದಾರಿಯನ್ನು ಆ ಮುದುಕಿ ವಾರ ವಾರ ಹೇಗೆ ನಡೆಯುತ್ತಿದ್ದಳಪ್ಪ ಎಂದುಕೊಂಡಳು.

ಸೊಪ್ಪಿನ ಅಕ್ಕಯಮ್ಮನ ಮನೆ ಎಂದರೆ ಊರಲ್ಲಿ ಯಾರು ಬೇಕಾದರೂ ತೋರಿಸುವವರೇ. ಹೆಂಚಿನ ಮನೆ, ಮುಂದೆ ಜಗುಲಿ. ಸೊಸೆ ಮುನಿಲಕ್ಷ್ಮಮ್ಮ ರಾಗಿ ಕೇರುತ್ತಿದ್ದಳು. ಜಯನಗರದಿಂದ ಬಂದೆ ಎಂದ ಕೂಡಲೇ ಮೊರ ಕೆಳಗಿಟ್ಟು ಎದ್ದಳು.

"ಕತೆ ಅಮ್ಮೋರಾ? ಕುಂತ್ಕೊಳಿ, ಕುಂತ್ಕೊಳಿ. ನಮ್ಮತ್ತೆ ಬಾಯಾಗೆ ನಿಮ್ದೇ ಮಾತಿತ್ತು. ರಾತ್ರಿ ಮುದ್ದೆ ತಿರುವೋ ಹೊತ್ನಾಗೆ ಆ ಗಂಧರ್ವನ ಕತೆ ಎಲ್ಲಾ ಹೇಳೋರು ನಮಗೆ."

"ಅಷ್ಟು ದೂರ ಬರೋರು, ಪಾಪ. ದಾರಿಯಲ್ಲೇ ಅಲ್ವಾ ಅಂತ ನಾನು—"

"ಅಯ್ಯೋ, ಎಲ್ಲಿ ದಾರಿ ಅಮ್ಮೋರೆ. ಗಾಂಧಿ ಬಜಾರಿಂದ ನಮ್ಮೂರಿಗೆ ನೆಟ್ಟಗೆ ಬರೋದು. ನಿಮ್ಮನೆ ಅಂದ್ರೆ ಆ ಕಡೀಕೆ ಸುತ್ತು. ಗುರುವಾರ ಅಂದ್ರೆ ಒಂದು ಕಟ್ಟು ಎತ್ತಿ ಪಕ್ಕಕ್ಕೆ ಇಕ್ಕೊಳೋರು. ಯಾರು ಕೇಳಿದ್ರೂ ಕೊಡ್ತಿರ್ಲಿಲ್ಲ. ಬರೀ ಕೈಲಿ ಹೆಂಗೆ ಹೋಗಿ ಕುಂತ್ಕೊಳ್ಳೋದು ಅನ್ನೋರು."

ಚೂಡಾಮಣಿಗೆ ಜಗುಲಿಯ ಮೇಲೆ ಕೂತಿದ್ದೇ ಮರೆತುಹೋಯಿತು. ಕಟ್ಟು ಉಳಿದಿದ್ದಕ್ಕೆ ಅವಳು ಬರುತ್ತಿರಲಿಲ್ಲ. ಬರುವುದಕ್ಕೆಂದು ಕಟ್ಟು ಉಳಿಸುತ್ತಿದ್ದಳು. ಒಂದು ವರ್ಷದಷ್ಟು ಹೊತ್ತು ಎದುರಿಗೆ ಕೂತು ಇಷ್ಟು ಗೊತ್ತಾಗಲಿಲ್ಲವಲ್ಲ ಎಂದುಕೊಂಡಳು.

ಅಷ್ಟರಲ್ಲಿ ಅಕ್ಕಯಮ್ಮ ಹಿತ್ತಿಲ ಕಡೆಯಿಂದ ಬಂದಳು, ಮಡಿಲಲ್ಲಿ ಕಿತ್ತ ಸೊಪ್ಪು ತುಂಬಿಕೊಂಡು. ಚೂಡಾಮಣಿಯನ್ನು ಕಂಡು ಒಂದು ಕ್ಷಣ ನಿಂತಳು. "ಬಂದ್ರಾ, ಬಿಸ್ಲಾಗೆ?" ಎಂದಳು. ಸೊಸೆಗೆ ಮಜ್ಜಿಗೆ ತರಲು ಹೇಳಿ, ಜಗುಲಿಯ ಕೆಳಗೆ ಕೂತು ಸೊಪ್ಪು ಬಿಡಿಸಿ ಕಟ್ಟು ಕಟ್ಟತೊಡಗಿದಳು.

ಬಾಯಿಪಾಠ ಮಾಡಿದ್ದೆಲ್ಲ ಚೂಡಾಮಣಿಗೆ ಕೈಕೊಟ್ಟಿತು. ಸಂಚಿಕೆ ತೆಗೆದು ಹಿಡಿದು, ತೊದಲುತ್ತ, "ಅಕ್ಕಯಮ್ಮ, ಇದು ನಿನ್ನ ಮಾತು. ನಾನು ನನ್ನ ಹೆಸರು ಹಾಕ್ಕೊಂಡ್ಬಿಟ್ಟೆ. ನೀನು ಕೇಳ್ದಾಗ ಇಲ್ಲ ಅಂತ ಸುಳ್ಳೂ ಹೇಳ್ದೆ. ತಪ್ಪಾಯ್ತು. ಅವರಿಗೆ ಕಾಗದ ಬರೀತೀನಿ, ನಿನ್ನ ಹೆಸರೇ ಹಾಕ್ಲಿ" ಎಂದಳು.

"ಅದಕ್ಯಾಕಮ್ಮ ಅಷ್ಟೊಂದು." ಅಕ್ಕಯಮ್ಮ ಕೈ ನಿಲ್ಲಿಸಲಿಲ್ಲ. "ಮಾತೇನು ನಮ್ಮಪ್ಪನ ಆಸ್ತಿಯಾ? ಬಾಯಿಂದ ಬಿದ್ಮೇಲೆ ಯಾರಾರ ಆಯ್ಕೊಳ್ಳಿ. ನಂಗೆ ಅದ್ನ ಓದಕ್ಕೂ ಬರಾಕಿಲ್ಲ, ಹೆಸ್ರಿಟ್ಕೊಂಡು ಏನ್ ಮಾಡ್ಲಿ. ಚೆಂದಾಗಿ ಬರ್ದಿದ್ರಿ. ಆ ಅಮ್ಮ ಓದ್ದಾಗ ಕೇಳ್ದೆ."

"ನಿಂಗೆ ಕೋಪ ಇಲ್ವಾ?"

"ಕಾಗದಕ್ಕಾ? ಇಲ್ಲ ಕಣಮ್ಮ."

ಚೂಡಾಮಣಿಯ ಎದೆಯ ಮೇಲಿಂದ ಕಲ್ಲು ಇಳಿಯಿತು. ಇಷ್ಟಕ್ಕೆ ಮೂರು ವಾರ ನಿದ್ದೆಗೆಟ್ಟೆನಲ್ಲ ಎಂದು ನಗುವೂ ಬಂತು. ಮಜ್ಜಿಗೆ ಕುಡಿದಳು. ಕೊಲೆಯ ಕತೆ ಮುಗಿಯುತ್ತ ಬಂತು, ಹೊಸದೊಂದು ಶುರುವಾಗುತ್ತದಂತೆ, ಅದರಲ್ಲಿ ಒಬ್ಬಳು ಯಕ್ಷಿಣಿ ಇದ್ದಾಳಂತೆ ಎಂದು ಹೇಳಿದಳು. ಅಕ್ಕಯಮ್ಮ ಹೂಂ, ಹೂಂ ಎಂದು ಕೇಳಿದಳು. "ಗುರುವಾರ ಬರ್ತೀಯಲ್ಲ?" ಎಂದಾಗ, "ನೋಡಾನ" ಎಂದು ಒಂದು ಕಟ್ಟು ಸೊಪ್ಪನ್ನು ಬಾಳೆನಾರಿನಲ್ಲಿ ಬಿಗಿದು ಅವಳ ಪಕ್ಕಕ್ಕೆ ಇಟ್ಟಳು.

ಆಗ ಪಕ್ಕದ ಮನೆಯ ಅಂಜನಮ್ಮ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬಂದು, ಜಗುಲಿಯ ಮೇಲೆ ಕೂತ ಪೇಟೆಯ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರಕ್ಕಾ ಇವ್ರು?"

ಚೂಡಾಮಣಿಯೂ ಅಕ್ಕಯಮ್ಮನ ಕಡೆ ತಿರುಗಿದಳು. ಕತೆ ಅಮ್ಮೋರು ಎಂಬ ಮಾತನ್ನು ಅವಳ ಬಾಯಿಂದಲೇ ಕೇಳಬೇಕೆಂದು ಅವಳ ಮುಖ ಆಗಲೇ ನಗಲು ಸಿದ್ಧವಾಗಿತ್ತು.

"ಜಯನಗರದೋರು ಕಣೆ" ಎಂದಳು ಅಕ್ಕಯಮ್ಮ. "ಸೊಪ್ಪು ತಗೊಳೋರು."

ಕೋಪದಿಂದ ಅಂದಿದ್ದರೆ ಚೂಡಾಮಣಿ ಕಾಲಿಗೆ ಬಿದ್ದಾದರೂ ಸರಿಮಾಡಿಕೊಳ್ಳುತ್ತಿದ್ದಳು. ಅಕ್ಕಯಮ್ಮನ ದನಿಯಲ್ಲಿ ಕೋಪ ಇರಲಿಲ್ಲ, ಅಣಕ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಮತ್ತೆ ಸೊಪ್ಪಿನ ಕಡೆ ಬಗ್ಗಿದಳು. ಬಾಗಿಲಲ್ಲಿ ನಿಂತಿದ್ದ ಮುನಿಲಕ್ಷ್ಮಮ್ಮ ಏನೋ ಹೇಳಲು ಹೋಗಿ, ಅತ್ತೆಯ ಮುಖ ನೋಡಿ ಒಳಕ್ಕೆ ಹೋದಳು. ಅಂಜನಮ್ಮ, "ಓ" ಎಂದು ಬಿಂದಿಗೆ ಸರಿಮಾಡಿಕೊಂಡು ನೀರಿಗೆ ನಡೆದಳು. ಸೊಪ್ಪು ತೆಗೆದುಕೊಳ್ಳುವವರನ್ನು ನಿಂತು ನೋಡುವುದು ಏನಿರುತ್ತದೆ.

ಚೂಡಾಮಣಿ ಬಾಯಿ ತೆರೆದಳು. ಹೇಳಬೇಕಾದ ಮಾತು ಈಗ ಅವಳಿಗೆ ಗೊತ್ತಿತ್ತು. ಅದನ್ನು ಹೇಳಬೇಕಾಗಿದ್ದದ್ದು ಇಲ್ಲಲ್ಲ, ಅವಳ ವೆರಾಂಡದಲ್ಲಿ, ನಾಲ್ಕು ಜನರೆದುರಿಗೆ. ಸೊಪ್ಪಿನ ಕಟ್ಟು ಕೈಗೆತ್ತಿಕೊಂಡು ಜಗುಲಿಯಿಂದ ಇಳಿದಳು.